ಪೊಡಿ ಪುಡಿಯಾದ ಕತೆ

ಮೈಸೂರಿನ ಬೋಗಾದಿಯ ಯಾವುದೇ ದಿನಸಿ ಅಂಗಡಿಯಲ್ಲಿ ಕನ್ನಡದ ಮನೆಯವರು ಕೇಳುವುದು ಸಾರಿನ ಪುಡಿ. ತಮಿಳು ಮನೆಮಾತಿನವರ ಬಾಯಲ್ಲಿ ಅದೇ ‘ಪೊಡಿ’. ಒಂದೇ ಬೇರಿನ ಮಾತು, ಸ್ವರ ಮಾತ್ರ ಬೇರೆ.

ಕಾರಣ ಮುಂದಿನ ಅಕ್ಷರದಲ್ಲಿದೆ. ಇ, ಉ ಹೇಳಲು ನಾಲಿಗೆ ಮೇಲೇಳಬೇಕು. ಆ ಏರಿಕೆಗೆ ಅದು ಮೊದಲೇ ಸಿದ್ಧವಾಗಿಬಿಡುತ್ತದೆ. ಹಿಂದಿನ ಎ, ಒ ಕೂಡ ಇ, ಉ ಆಗುತ್ತವೆ. ತಮಿಳಿನ ‘ಪೆರಿಯ’ ಇಲ್ಲಿ ‘ಹಿರಿಯ’, ತೆಲುಗಿನ ‘ಚೆವಿ’ ಇಲ್ಲಿ ‘ಕಿವಿ’. ನಡುವೆ ಒತ್ತಕ್ಷರ ಬಂದರೆ ಈ ಸೆಳೆತ ನಡೆಯದು: ‘ಬಿಳಿ’ಯ ಪಕ್ಕದಲ್ಲೇ ‘ಬೆಳ್ಳಿ’, ‘ಹಿರಿಯ’ನ ಪಕ್ಕದಲ್ಲೇ ‘ಹೆಬ್ಬುಲಿ’ ಉಳಿದಿವೆ. ಎಷ್ಟು ಚೆಂದದ ಲೆಕ್ಕ! ಇಂದಿನ ‘ಕೊಡು’, ‘ಕೆಡು’ ಇದಕ್ಕೆ ಒಗ್ಗವು ಎನಿಸಬಹುದು. ಆದರೆ ಹಳಗನ್ನಡದಲ್ಲಿ ‘ಕುಡು’, ‘ಕಿಡು’ ರೂಪಗಳೂ ಇವೆ.

ಸ್ವರಗಳ ಇಂಥ ಸೆಳೆತ ಬೇರೆ ಭಾಷೆಗಳಲ್ಲೂ ಇದೆ. ತೆಲುಗಿನಲ್ಲಿ ‘ಮನಿಷಿ’ ಬಹುವಚನದಲ್ಲಿ ‘ಮನುಷುಲು’. ತುರ್ಕಿಯಲ್ಲಿ ಸೆಳೆತ ಹಿಂದಿನಿಂದ ಮುಂದಕ್ಕೆ: ಮನೆ ‘ಎವ್’, ಮನೆಗಳು ‘ಎವ್ಲೆರ್’, ಕುದುರೆ ‘ಅತ್’, ಕುದುರೆಗಳು ‘ಅತ್ಲಾರ್’.

ಶಾಲೆಯ ವ್ಯಾಕರಣದಲ್ಲಿ ಸಂಧಿಗಳನ್ನು ಬಾಯಿಪಾಠ ಮಾಡಿಸುತ್ತೇವೆ; ಮಕ್ಕಳ ನಾಲಿಗೆಯ ಮೇಲೇ ಇರುವ ಈ ನಿಯಮಕ್ಕೆ ಜಾಗವಿಲ್ಲ. ಇದು ನಷ್ಟವೇ ಸರಿ. 1969ರಲ್ಲಿ ಆರಂಭವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇರುವ ಊರು ಮೈಸೂರು. ಇಲ್ಲಿನ ತರಗತಿಗಳಲ್ಲಾದರೂ ಕನ್ನಡ, ತಮಿಳು, ತೆಲುಗು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ತಮ್ಮ ತಮ್ಮ ಮನೆಯ ‘ಕಿವಿ’ಯನ್ನು ಹೋಲಿಸಿ ನೋಡಲಿ.