ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇಕೆ?

ಬಂದೂಕಿನ ಮಾತು ಬಂದೊಡನೆ ನಮ್ಮ ತರುಣ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ, "ಯಾವುದಕ್ಕೆ ಶಕ್ತಿ ಹೆಚ್ಚು?" ಎಂಬುದು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಪ್ರಶ್ನೆಯೇ ಸರಿಯಲ್ಲವೆಂದು ತೋರುತ್ತದೆ. "ಈ ಕಾರ್ಯಕ್ಕೆ ಎಷ್ಟು ಶಕ್ತಿ ಸಾಕು?" ಎಂದು ಕೇಳುವುದು ವಿವೇಕ. ವಿನೋದಕ್ಕಾಗಿ ಗುರಿ ಹೊಡೆಯುವವನಾಗಲಿ, ಮೊಲ, ಅಳಿಲುಗಳ ಬೇಟೆ ಕಾನೂನಿಗೆ ಸಮ್ಮತವಾಗಿರುವ ಅಮೆರಿಕದಂತಹ ದೇಶದ ಬೇಟೆಗಾರನಾಗಲಿ, ರೈಫಲನ್ನು ಆರಿಸುವಾಗ ಕೆಲಸಕ್ಕೆ ಸಾಕಾಗುವವುಗಳಲ್ಲಿ ಅತ್ಯಂತ ಸಣ್ಣದನ್ನೇ ಆರಿಸಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಆಧಾರ, ತರಗತಿಯಲ್ಲಿ ನಾವೆಲ್ಲರೂ ಕಲಿಯುವ ಸಾಮಾನ್ಯ ಸೂತ್ರಗಳೇ.

ಕ್ಯಾಲಿಬರ್ ಎಂದರೆ ಸ್ಥೂಲವಾಗಿ ನಳಿಗೆಯ ಒಳವ್ಯಾಸ. .22 ಎಂದರೆ ಅಂಗುಲದ ನೂರು ಭಾಗಗಳಲ್ಲಿ ಇಪ್ಪತ್ತೆರಡು. ಅಂದರೆ ಸುಮಾರು 5.6 ಮಿಲಿಮೀಟರ್. ಆದರೆ ಈ ಅಂಕಿಯೊಂದನ್ನೇ ನಂಬಿದವನು ಮೋಸಹೋಗುತ್ತಾನೆ. 1887ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ .22 ಲಾಂಗ್ ರೈಫಲ್ ತೋಟಾದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಿಂದ ಹೊರಡುತ್ತದೆ. ಅದರ ಚಲನಶಕ್ತಿ ಸುಮಾರು 180 ಜೂಲ್. .223 ರೆಮಿಂಗ್ಟನ್ ತೋಟಾದ ಗುಂಡಿನ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ, ತೂಕ 3.6 ಗ್ರಾಂ. ಆದರೆ ಅದರ ವೇಗ ಸೆಕೆಂಡಿಗೆ ಸುಮಾರು 990 ಮೀಟರ್. ಶಕ್ತಿ 1,750 ಜೂಲ್‌ಗಳ ಸಮೀಪ. ತೂಕ ಒಂದೂವರೆ ಪಟ್ಟು ಕೂಡ ಹೆಚ್ಚಿಲ್ಲ, ಶಕ್ತಿ ಮಾತ್ರ ಹತ್ತು ಪಟ್ಟು! ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದೇ ಇದರ ಗುಟ್ಟು. ಆದುದರಿಂದ ಅಂಗಡಿಯಲ್ಲಿ ನೋಡಬೇಕಾದುದು ನಳಿಗೆಯ ಅಗಲವನ್ನಷ್ಟೇ ಅಲ್ಲ. ತೋಟಾದ ಪೂರ್ಣ ಹೆಸರನ್ನು, ಗುಂಡಿನ ತೂಕವನ್ನು ಮತ್ತು ವೇಗವನ್ನು.

ಐವತ್ತು ಮೀಟರ್ ದೂರದ ಮೊಲಕ್ಕೆ, ಗುರಿ ತಪ್ಪದ ಕೈಯಲ್ಲಿ, .22 ತೋಟಾ ಧಾರಾಳವಾಗಿ ಸಾಕು. .223 ತೋಟಾವು ಅಡುಗೆಮನೆಗೆ ಹೋಗಬೇಕಾದ ಮಾಂಸವನ್ನೇ ಛಿದ್ರಗೊಳಿಸುತ್ತದೆ. ಹಾಗೆಂದು ತೀರ ಕಡಿಮೆಯಾದುದೂ ಸಲ್ಲದು. ಸ್ಪರ್ಧೆಯ ಏರ್ ರೈಫಲಿನ 4.5 ಮಿಲಿಮೀಟರಿನ ಗುಂಡಿನಲ್ಲಿರುವುದು ಏಳೆಂಟು ಜೂಲ್ ಮಾತ್ರ. ಅದು ಕಾಗದಕ್ಕಾಗಿ ಇರುವುದು; ಪ್ರಾಣಿಗೆ ಹೊಡೆದರೆ ಕೊಲ್ಲದೆ ಗಾಯಗೊಳಿಸಿ ನರಳಿಸೀತು. ದೂರ ಹೆಚ್ಚಿದಾಗ ಮತ್ತೊಂದು ತೊಡಕು ಬರುತ್ತದೆ. .22 ಗುಂಡು 50 ಮೀಟರ್ ಸಾಗುವಷ್ಟರಲ್ಲಿ ಭೂಮಿಯ ಆಕರ್ಷಣೆಯಿಂದ ನಳಿಗೆಯ ನೇರಕ್ಕಿಂತ ಒಂಬತ್ತು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ. 100 ಮೀಟರಿಗೆ ಈ ಇಳಿತ ನಾಲ್ಕು ಪಟ್ಟಿಗೂ ಮೀರುತ್ತದೆ. 2002ರಲ್ಲಿ ಬಂದ .17 ಎಚ್‌ಎಂಆರ್ ತೋಟಾದ ಕಿರುಗುಂಡು ಇದರ ಎರಡರಷ್ಟು ವೇಗದಿಂದ ಹೊರಡುವುದರಿಂದ, 100 ಮೀಟರಿಗೆ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಹೀಗೆ ಆಯ್ಕೆಯನ್ನು ನಿರ್ಣಯಿಸಬೇಕಾದುದು ದೂರ ಮತ್ತು ಗುರಿ, ಕೊಳ್ಳುವವನ ಹೆಮ್ಮೆಯಲ್ಲ.

ಇನ್ನು ಒದೆತದ ಮಾತು. ಮೂರು ಕಿಲೋಗ್ರಾಂ ತೂಕದ ರೈಫಲನ್ನು ಊಹಿಸಿಕೊಂಡು, ಗುಂಡಿನ ಸಂವೇಗವನ್ನಷ್ಟೇ ಲೆಕ್ಕಕ್ಕೆ ಹಿಡಿಯೋಣ. .22 ಹಾರಿದಾಗ ಬಂದೂಕು ಸೆಕೆಂಡಿಗೆ 0.3 ಮೀಟರಿನಷ್ಟು ವೇಗದಿಂದ ಹಿಂದೆ ಸರಿಯುತ್ತದೆ. ಅಮೆರಿಕದ ಸೈನ್ಯವು 1906ರಲ್ಲಿ ಸ್ವೀಕರಿಸಿದ, ಬಳಿಕ ಜಿಂಕೆಯ ಬೇಟೆಗೂ ಬಳಕೆಯಾದ .30-06 ತೋಟಾ ಹಾರಿದಾಗ ಆ ವೇಗ ಒಂಬತ್ತು ಪಟ್ಟು. ಭುಜಕ್ಕೆ ತಗಲುವ ಶಕ್ತಿ ಎಂಬತ್ತು ಪಟ್ಟು! ಇಂತಹ ಪೆಟ್ಟನ್ನು ನಿರೀಕ್ಷಿಸುತ್ತ ಕಣ್ಣು ಮುಚ್ಚುವ ಹೊಸಬನು ಗುರಿ ಹಿಡಿಯುವುದನ್ನು ಎಂದಿಗೂ ಕಲಿಯಲಾರನು.

"ಶಕ್ತಿ ಸ್ವಲ್ಪ ಹೆಚ್ಚಿದ್ದರೆ ನಷ್ಟವೇನು?" ಎಂದು ಕೆಲವರು ವಾದಿಸಬಹುದು. ಶಕ್ತಿಯು ನಾಶವಾಗುವುದಿಲ್ಲವೆಂಬ ನಿಯಮವನ್ನು ಅವರು ಮರೆತಿದ್ದಾರೆ. ಗುರಿಗೆ ಬೇಡವಾದ ಶಕ್ತಿ ಮಾಯವಾಗದು. ಗುರಿಯನ್ನು ಹಾಯ್ದು ಮಣ್ಣಿಗೋ, ಕಲ್ಲಿಗೋ, ಆಚೆಯ ಹೊಲದಲ್ಲಿ ಕೆಲಸಮಾಡುವವನ ಮೈಗೋ ಹೋಗಿ ಸೇರುತ್ತದೆ. ಸಣ್ಣದೆನಿಸಿದ .22 ಗುಂಡೂ ಆಟಿಕೆಯಲ್ಲ. ನಿರ್ವಾತದಲ್ಲಾದರೆ ಅದು ಸುಮಾರು 14 ಕಿಲೋಮೀಟರ್ ಹಾರಬೇಕು. ಗಾಳಿಯ ಪ್ರತಿರೋಧದ ಕೃಪೆಯಿಂದ ಅದು ಸುಮಾರು ಎರಡು ಕಿಲೋಮೀಟರಿಗೆ ಇಳಿಯುತ್ತದೆ. ಎರಡು ಕಿಲೋಮೀಟರೆಂದರೆ ನಮ್ಮ ಕಡೆ ಒಂದು ಊರಿನಿಂದ ಮತ್ತೊಂದು ಊರು! ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಯಾವ ಕ್ಯಾಲಿಬರಿನ ಗುಂಡನ್ನೂ ಹಾರಿಸಬಾರದು.

ನಮ್ಮ ದೇಶದ ವಿಷಯವಾದರೋ ಬೇಟೆಯ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ನಿಷೇಧಿಸಿದೆ. ರಜೆಯಲ್ಲಿ ಏರ್ ಗನ್ ಹಿಡಿದು ತೋಟದ ಪಿಕಳಾರವನ್ನೋ ಬೆಳವವನ್ನೋ ಹೊಡೆಯುವ ಹುಡುಗನು ತಾನು ವಿನೋದಿಸುತ್ತಿರುವೆನೆಂದು ತಿಳಿದಿದ್ದರೂ, ಮಾಡುತ್ತಿರುವುದು ಅಪರಾಧವೇ. ಗುರಿಯ ವಿನೋದಕ್ಕೆ ಜೀವವೇ ಬೇಕೆಂದೇನೂ ಇಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದ ಸಂಭ್ರಮವನ್ನು ಬಲ್ಲವರು ಈ ಮಾತನ್ನು ಒಪ್ಪುವರು.

ಹೀಗಿರುವಲ್ಲಿ ನಮ್ಮ ವಿದ್ಯಾರ್ಥಿಗೆ ತಕ್ಕುದು ಯಾವುದು? ಮೊದಲು ರೈಫಲ್ ಕ್ಲಬ್ಬಿನಲ್ಲಿ, ಶಿಕ್ಷಕರ ಕಣ್ಣೆದುರಿನಲ್ಲಿ, 4.5 ಮಿಲಿಮೀಟರಿನ ಏರ್ ರೈಫಲ್. ಕೈ ಪಳಗಿದ ಮೇಲೆ, ಕಾನೂನಿನ ಕಟ್ಟಳೆಯಂತೆ,.22. ಇವೆರಡನ್ನು ಮೀರುವ ಅಗತ್ಯವನ್ನು ನಾವು ಕಾಣೆವು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅವರು ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನದ ಪದಕವನ್ನು ತಂದುದು ಹತ್ತು ಮೀಟರಿನ ಏರ್ ರೈಫಲಿನಿಂದ. ಅಲ್ಲಿ ಹತ್ತು ಅಂಕದ ಗುರಿಯೆಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ! 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಅವರು ಐವತ್ತು ಮೀಟರಿನ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗೆದ್ದುದು ಇದೇ .22 ತೋಟಾದಿಂದ.

ಏಳೆಂಟು ಜೂಲ್ ಶಕ್ತಿಯೆಂದರೆ ಒಂದು ಕಿಲೋಗ್ರಾಂ ಅಕ್ಕಿಯ ಚೀಲವನ್ನು ನೆಲದಿಂದ ಮೇಜಿನ ಎತ್ತರಕ್ಕೆ ಏರಿಸಲು ಬೇಕಾಗುವಷ್ಟು. ಅಷ್ಟರಿಂದಲೇ ಜಗತ್ತಿನ ಅತ್ಯುನ್ನತ ಪದಕ ದೊರೆಯಿತು. ಉಳಿದುದನ್ನು ಸಾಧಿಸಿದುದು ಕಣ್ಣು, ಉಸಿರು ಮತ್ತು ತಾಳ್ಮೆ. ಯಾವ ತೋಟಾದ ಪೆಟ್ಟಿಗೆಯಲ್ಲಿಯೂ ಇವು ದೊರೆಯುವುದಿಲ್ಲ.