ಸ್ವವಿವರ ಪತ್ರ ಮತ್ತು ಶಿಲ್ಪಿಯ ಅಂಕಿತ

ಹಾಸನದ ಸಮೀಪದ ಮೊಸಳೆ ಗ್ರಾಮದಲ್ಲಿ ನಾಗೇಶ್ವರ ಹಾಗೂ ಚೆನ್ನಕೇಶವ ದೇವಾಲಯಗಳು ಅವಳಿ ಸೋದರರಂತೆ ಅಕ್ಕಪಕ್ಕದಲ್ಲಿ ನಿಂತಿವೆ. ಇಂತಹ ಗುಡಿಗಳನ್ನು ಕಟ್ಟಿದ ಹೊಯ್ಸಳರ ಕಾಲದ ಶಿಲ್ಪಿಗಳಲ್ಲಿ ಹಲವರು ಹೆಸರುಳಿಸಿ ಹೋದವರು. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ, ನುಗ್ಗೇಹಳ್ಳಿಯ 1246ರ ದೇವಾಲಯದಲ್ಲಿ ಮಲ್ಲಿತಮ್ಮ, ಬೈಚೋಜರೂ ತಮ್ಮ ಅಂಕಿತವನ್ನು ಕಂಡರಿಸಿದ್ದಾರೆ. ಹೆಸರು, ಕೆಲವೆಡೆ ಊರು, ತಂದೆಯ ಹೆಸರು, ಬಿರುದು, ಅಲ್ಲಿರುವುದು ಇಷ್ಟೇ. ಬಿರುದು ಎಷ್ಟು ದೊಡ್ಡದಾದರೂ ಅದನ್ನು ಜಂಬವೆನ್ನುವವರಿಲ್ಲ. ಏಕೆಂದರೆ ಶಿಲ್ಪವೇ ಮೇಲೆ ನಿಂತು ಸಾಕ್ಷಿ ನುಡಿಯುತ್ತದೆ.

ಇಂದಿನ ಉದ್ಯೋಗಾರ್ಥಿಯ ಸ್ವವಿವರ ಪತ್ರಕ್ಕೆ ಇದಕ್ಕಿಂತ ಮಿಗಿಲಾದ ಮಾದರಿ ಬೇಕಿಲ್ಲ. ಆದರೆ ನಡೆಯುತ್ತಿರುವುದೇನು? ಹಳ್ಳಿಯ ತರುಣನು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ, ಮತ್ತಾರದೋ ಪತ್ರದಲ್ಲಿ ಹೆಸರು, ಜನ್ಮದಿನಾಂಕಗಳನ್ನು ಮಾತ್ರ ಬದಲಿಸಿ ತರುತ್ತಾನೆ. 'ಕಠಿಣ ಪರಿಶ್ರಮಿ', 'ನಾಯಕತ್ವ ಗುಣವುಳ್ಳವನು' ಎಂಬ ಎರವಲು ಬಿರುದುಗಳು ಅದರಲ್ಲಿ ತುಂಬಿರುತ್ತವೆ. ಸಂದರ್ಶಕರು ಅವುಗಳಲ್ಲೊಂದರ ಅರ್ಥವನ್ನು ಕೇಳಿದೊಡನೆ ಆತ ಮೂಕನಾಗುತ್ತಾನೆ. ಸೋತದ್ದು ಅವನ ಯೋಗ್ಯತೆಯಲ್ಲ, ಎರವಲು ಮಾತು.

ಅದೇ ತರುಣ ತನ್ನೂರಿನ ಡೈರಿಯಲ್ಲಿ ಮುಂಜಾನೆ ಹಾಲಿನ ಕೊಬ್ಬಿನಂಶವನ್ನು ಅಳೆದು ಲೆಕ್ಕ ಬರೆದಿರಬಹುದು. ಮನೆಯ ಆಲೂಗಡ್ಡೆ ಬೆಳೆಯ ಖರ್ಚುವೆಚ್ಚವನ್ನು ನೋಡಿಕೊಂಡಿರಬಹುದು. ಇವು ಕಾಗದಕ್ಕೇರಲು ತಕ್ಕುವಲ್ಲವೆಂದು ಅವನ ಭಾವನೆ. ವಾಸ್ತವದಲ್ಲಿ 'ಎರಡು ವರ್ಷ ಡೈರಿಯ ದಿನವಹಿ ಲೆಕ್ಕ ಬರೆದಿದ್ದೇನೆ' ಎಂಬ ಒಂದು ವಾಕ್ಯ ಹತ್ತು ವಿಶೇಷಣಗಳಿಗಿಂತ ತೂಕವುಳ್ಳದ್ದು.

ಹೊಸದಾಗಿ ಕೆಲಸ ಹುಡುಕುವವನಿಗೆ ಒಂದು ಪುಟವೇ ಸಾಕು. ಮೊದಲು ಹೆಸರು, ವಿಳಾಸ, ದೂರವಾಣಿ. ಅನಂತರ ಇತ್ತೀಚಿನದು ಮೊದಲಾಗಿ ವಿದ್ಯಾಭ್ಯಾಸ. ಬಳಿಕ ಮಾಡಿದ ಕೆಲಸ, ಅದರ ಅವಧಿ, ಪ್ರಮಾಣ. ಹುದ್ದೆಯ ಜಾಹೀರಾತು ಕೇಳಿದ ಅರ್ಹತೆಗೆ ಸಲ್ಲುವುದನ್ನು ಮುಂದಿಡಬೇಕು. ಹೆಸರಿನ ಅಕ್ಷರಗಳೂ ಜನ್ಮದಿನಾಂಕವೂ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೊಂದಿರಬೇಕು. ಕನ್ನಡ ಮಾಧ್ಯಮದಲ್ಲಿ, ಹಳ್ಳಿಯ ಶಾಲೆಯಲ್ಲಿ ಓದಿದ್ದನ್ನು ಮರೆಮಾಚುವ ಸಂಕೋಚ ಸಲ್ಲದು. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಇವೆರಡಕ್ಕೂ ಮೀಸಲಾತಿಯುಂಟು. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ವೇಳೆಗೆ ಮೊದಲೇ ಪಡೆದಿಡುವುದು ವಿವೇಕ.

'ತನ್ನನ್ನು ತಾನೇ ಹೊಗಳಿಕೊಳ್ಳದಿದ್ದರೆ ಯಾರು ಗಮನಿಸುತ್ತಾರೆ?' ಎಂದು ಕೆಲವರು ಆಕ್ಷೇಪಿಸಬಹುದು. ಶಿಲ್ಪಿಗಳೂ ಬಿರುದು ಧರಿಸಿದವರೇ. ತಪ್ಪಿರುವುದು ಬಿರುದಿನಲ್ಲಲ್ಲ; ಶಿಲ್ಪವಿಲ್ಲದ ಬಿರುದಿನಲ್ಲಿ.

ಈ ಹೊಣೆಯನ್ನು ಕಂಪ್ಯೂಟರ್ ಅಂಗಡಿಗೆ ಬಿಟ್ಟುಕೊಡುವುದು ಶಾಲೆಗೆ ಶೋಭೆಯಲ್ಲ. ಹತ್ತನೆಯ ತರಗತಿಯಲ್ಲಿಯೇ ಪ್ರತಿ ವಿದ್ಯಾರ್ಥಿಯೂ ತನ್ನ ವಿವರವನ್ನು ತನ್ನ ಮಾತಿನಲ್ಲೇ ಬರೆಯುವಂತೆ ಅಧ್ಯಾಪಕರು ಮಾಡಬೇಕು. ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಅವನ್ನು ಓದಿ ತಿದ್ದಲಿ. ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ. ಅಲ್ಲಿ ಕಲಿತ ಮಗು ತನ್ನ ಕೆಲಸದ ಕೆಳಗೆ ನಿರ್ಭಯವಾಗಿ ಹೆಸರು ಬರೆಯುವಂತಾದಾಗಲೇ ಆ ದಾನ ಪೂರ್ಣ.