ಡಾಕ್ಟರ್ ಇದ್ದಾರೆ, ಥಿಯೇಟರ್ ಉಂಟು. ಅರಿವಳಿಕೆ ಕೊಡೋರು ಯಾರು?

ದಕ್ಷಿಣ ಕನ್ನಡದಲ್ಲಿ 8 ವೈದ್ಯಕೀಯ ಕಾಲೇಜುಗಳಿವೆ. 2011ರ ಜನಗಣತಿಯಲ್ಲಿ ಸುಮಾರು 21 ಲಕ್ಷ ಜನರಿದ್ದ ಜಿಲ್ಲೆಗೆ ಇದು ಐಷಾರಾಮ. ಎಂಟೂ ಖಾಸಗಿ, ಸುಳ್ಯದ್ದೊಂದು ಬಿಟ್ಟರೆ ಉಳಿದವೆಲ್ಲ ಮಂಗಳೂರು ಮತ್ತು ಅದರ ಆಸುಪಾಸಿನಲ್ಲಿ. ಹಾಗಾಗಿ ಕಡಬದ ಒಳಗಿನ ಊರಲ್ಲೋ ಚಾರ್ಮಾಡಿಯ ಬುಡದಲ್ಲೋ ರಾತ್ರಿ ಹೆರಿಗೆ ಕಷ್ಟವಾದರೆ ಕುಟುಂಬಕ್ಕೆ ಸಿಗೋದು ಹಲವು ಸಲ ಆಪರೇಷನ್ ಅಲ್ಲ, ರೆಫರಲ್ ಚೀಟಿ.

ಇಂಥ ಚೀಟಿಯ ಹಿಂದೆ ಯಾವಾಗಲೂ ‘ಡಾಕ್ಟರ್ ಇಲ್ಲ’ ಅನ್ನೋದೇ ಕಾರಣ ಆಗಿರಬೇಕಿಲ್ಲ. ಸಿಸೇರಿಯನ್ ಮಾಡಬಲ್ಲ ಹೆರಿಗೆ ತಜ್ಞೆ ಇರಬಹುದು, ಥಿಯೇಟರ್ ಇರಬಹುದು. ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವವರು, ರಕ್ತದೊತ್ತಡ ಕುಸಿದರೆ ಹಿಡಿದು ನಿಲ್ಲಿಸುವವರು ಇಲ್ಲದಿದ್ದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಎಂಜಿನಿಯರಿಂಗ್ ಓದಿದ ನನಗೆ ಇದು ಪರಿಚಿತ ಸಮಸ್ಯೆ: ಒಂದೇ ಒಂದು ಭಾಗ ಕೆಟ್ಟರೆ ಇಡೀ ಯಂತ್ರ ನಿಲ್ಲುವ ವಿನ್ಯಾಸ.

ಸ್ವಲ್ಪ ಲೆಕ್ಕ ಮಾಡೋಣ. ವಾರಕ್ಕೆ 168 ಗಂಟೆ. ಒಬ್ಬರು ಅರಿವಳಿಕೆ ತಜ್ಞರು 48 ಗಂಟೆ ಕೆಲಸ ಮಾಡಿದರೆ 120 ಗಂಟೆ ಖಾಲಿ. ಇಬ್ಬರಿದ್ದರೂ 72 ಗಂಟೆ ಖಾಲಿ. ರಜೆ, ಜ್ವರ, ತರಬೇತಿ ಸೇರಿಸಿದರೆ ನಾಲ್ವರೂ ಬಿಗಿಯೇ. ಆದ್ದರಿಂದ ‘ಹುದ್ದೆ ಭರ್ತಿಯಾಗಿದೆ’ ಅನ್ನೋ ಸರ್ಕಾರಿ ಉತ್ತರ ಕೇಳಿದಾಗ ನಾವು ಕೇಳಬೇಕಾದ ಮರುಪ್ರಶ್ನೆ: ರಾತ್ರಿ ಎರಡು ಗಂಟೆಗೆ ಭರ್ತಿಯಾಗಿದೆಯಾ? ಕಡಿಮೆ ಹೆರಿಗೆಯಾಗುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ತಂದು ಒಟ್ಟುಗೂಡಿಸುವ ಯೋಚನೆ ಈ ಕಾರಣಕ್ಕೇ ಸರಿ. ಹೋಬಳಿಗೊಬ್ಬರು ತಜ್ಞರು ಅನ್ನೋದು ಭಾಷಣಕ್ಕೆ ಚಂದ ಮಾರಾಯ್ರೆ, ಡ್ಯೂಟಿ ಚಾರ್ಟಿಗೆ ಅಲ್ಲ.

ಇನ್ನು ಮಂಗಳೂರಿನ ಇನ್ನೊಂದು ಮುಖ ನೋಡಿ. ಈ ಊರು ಜಗತ್ತಿಗೇ ನರ್ಸ್‌ಗಳನ್ನು ಕಳಿಸುತ್ತದೆ. ಇಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗಿ ಅಮೆರಿಕಕ್ಕೆ ಹೋಗಿ, ಅಲ್ಲಿನ ಲೈಸೆನ್ಸ್ ಪಡೆದು, ಐಸಿಯು ಅನುಭವದ ಮೇಲೆ ಸುಮಾರು ಮೂರು ವರ್ಷದ ಕೋರ್ಸ್ ಮಾಡಿದರೆ ನರ್ಸ್ ಅನಸ್ತೆಟಿಸ್ಟ್ ಆಗಬಹುದು. ಅಲ್ಲಿ 2001ರಲ್ಲಿ ಕೇಂದ್ರ ಸರ್ಕಾರ ವೈದ್ಯರ ಮೇಲುಸ್ತುವಾರಿ ಷರತ್ತಿನಿಂದ ಹೊರಬರಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಮೊದಲು ಹೊರಬಂದದ್ದು ಜೋಳ ಬೆಳೆಯುವ ಅಯೋವಾ. ಅಲ್ಲಿನ ಎಷ್ಟೋ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡೋದು ನರ್ಸ್‌ಗಳೇ. ಅದೇ ಹುಡುಗಿ ಬೆಳ್ತಂಗಡಿಗೆ ವಾಪಸ್ ಬಂದರೆ? ಆ ಕೆಲಸಕ್ಕೆ ನಮ್ಮಲ್ಲಿ ಹುದ್ದೆಯೇ ಇಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಅನಸ್ತೇಶಿಯಾ ಟೆಕ್ನಾಲಜಿಸ್ಟ್‌ಗಳನ್ನು ಗುರುತಿಸಿದೆ ನಿಜ, ಆದರೆ ಅವರು ಸಹಾಯಕರು.

ಭಾರತ ಹಿಡಿದದ್ದು ಬೇರೆ ದಾರಿ: ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ತರಬೇತಿ. ತುರ್ತು ಹೆರಿಗೆಗಾಗಿಯೇ ರೂಪಿಸಿದ್ದು. ಒಳ್ಳೇ ಐಡಿಯಾ. ಆದರೆ ತರಬೇತಾದವರನ್ನು ಹೆರಿಗೆ ತಜ್ಞರೋ ಥಿಯೇಟರೋ ಇಲ್ಲದ ಕಡೆ ಹಾಕಿದರೆ ಕಲಿತ ಕೈ ಜಡ್ಡುಗಟ್ಟುತ್ತದೆ, ಧೈರ್ಯವೂ ಹೋಗುತ್ತದೆ. ದೇಶದ ಹಲವೆಡೆ ಆಗಿದ್ದು ಅದೇ.

ನರ್ಸ್‌ಗಳಿಗೆ ಅರಿವಳಿಕೆ ಒಪ್ಪಿಸಬಾರದು ಅನ್ನುವ ವೈದ್ಯರ ವಾದವನ್ನು ನಾನು ತಳ್ಳಿಹಾಕಲ್ಲ. ಔಷಧ ಬೆನ್ನಿನಲ್ಲಿ ಮೇಲಕ್ಕೇರಿದರೆ ಉಸಿರು ನಿಲ್ಲಬಹುದು. ಆಗ ನಿಮಿಷಗಳೊಳಗೆ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಬೇಕು. ಬಡವರಿಗೆ ನರ್ಸ್, ಶ್ರೀಮಂತರಿಗೆ ತಜ್ಞರು ಎಂಬ ಎರಡು ದರ್ಜೆ ಹುಟ್ಟುತ್ತದೆ ಅನ್ನುವ ಭಯವೂ ಸುಳ್ಳಲ್ಲ. ಆದರೆ ಹೋಲಿಕೆ ಯಾವುದರ ಜೊತೆ? ಆ ಹೊತ್ತಲ್ಲಿ ಆ ಹೆಂಗಸಿನ ಎದುರು ಇರೋದು ನರ್ಸೋ ತಜ್ಞರೋ ಅನ್ನುವ ಆಯ್ಕೆ ಅಲ್ಲ. ಆಂಬುಲೆನ್ಸೋ, ಏನೂ ಇಲ್ಲವೋ ಅನ್ನೋದು. ಆಂಬುಲೆನ್ಸ್‌ನಲ್ಲೂ ರಕ್ತಸ್ರಾವ ಆಗುತ್ತದೆ, ಅದರ ರಿಸ್ಕ್ ಮಾತ್ರ ಯಾರ ಲೆಕ್ಕಕ್ಕೂ ಬರಲ್ಲ. ಝೀರೋ ಟ್ರಾಫಿಕ್ ವಿಡಿಯೋ ಶೇರ್ ಮಾಡಿ ಚಪ್ಪಾಳೆ ತಟ್ಟುವ ನಾವೂ ಲೆಕ್ಕ ಹಾಕಲ್ಲ.

2015ರ ಲ್ಯಾನ್ಸೆಟ್ ಆಯೋಗ ಸಿಸೇರಿಯನ್‌ನಂಥ ಚಿಕಿತ್ಸೆ 2 ಗಂಟೆಯೊಳಗೆ ಕೈಗೆಟುಕಬೇಕು ಅಂದಿತ್ತು. ಮ್ಯಾಪಿನಲ್ಲಿ ನಮ್ಮ ಜಿಲ್ಲೆ ಸುಲಭವಾಗಿ ಪಾಸ್. ಬೆಳ್ತಂಗಡಿಯಿಂದ ಮಂಗಳೂರು ಸುಮಾರು 60 ಕಿ.ಮೀ. ಆದರೆ ಮನೆಯಿಂದ ಪಿಎಚ್‌ಸಿ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿ ಕಾದು ಚೀಟಿ, ಆಮೇಲೆ ಮಂಗಳೂರು. ಆಟಿ ತಿಂಗಳ ಮಳೆ ಬೇರೆ. ಗಡಿಯಾರ ಶುರುವಾಗಬೇಕಾದ್ದು ಮನೆಯಿಂದ.

ಹಾಗಾದರೆ ನಾಳೆಯೇ ನರ್ಸ್‌ಗಳ ಕೈಗೆ ಸಿರಿಂಜ್ ಕೊಡಬೇಕಾ? ಇಲ್ಲ. ತರಬೇತಿ ಪಡೆದ ಎಂಬಿಬಿಎಸ್ ವೈದ್ಯರನ್ನು ಹೆರಿಗೆ ಹೆಚ್ಚಿರುವ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಳಿಸಬೇಕು, ವರ್ಷಕ್ಕೊಮ್ಮೆ ಮಂಗಳೂರಿನ ಥಿಯೇಟರ್‌ಗಳಲ್ಲಿ ಕೈ ಪಳಗಿಸಬೇಕು. ಅದರ ಜೊತೆಗೇ, ಐಸಿಯು ಅನುಭವವಿರುವ ನರ್ಸ್‌ಗಳಿಗೆ ತಜ್ಞರ ಕೈಕೆಳಗೆ ಸೀಮಿತ ಜವಾಬ್ದಾರಿಯ ಎರಡು ವರ್ಷದ ಕೋರ್ಸನ್ನು ಒಂದೇ ಜಿಲ್ಲೆಯಲ್ಲಿ ಪ್ರಯೋಗಿಸಿ, ಸಾವು-ನೋವಿನ ಅಂಕಿಅಂಶ ಸಾರ್ವಜನಿಕವಾಗಿ ಇಡಬೇಕು. ಫಲಿತಾಂಶ ಕೆಟ್ಟದಾದರೆ ನಿಲ್ಲಿಸಿ. ಎಂಟು ಕಾಲೇಜುಗಳಿರುವ ಈ ಜಿಲ್ಲೆಗಿಂತ ಸೂಕ್ತ ಜಾಗ ರಾಜ್ಯದಲ್ಲಿ ಎಲ್ಲಿದೆ?

ಅದಕ್ಕೂ ಮೊದಲು ಒಂದು ಪುಕ್ಕಟೆ ಕೆಲಸ ಉಂಟು. ಲೇಡಿಗೋಷನ್ ಆಸ್ಪತ್ರೆಗೆ ಬರುವ ಪ್ರತಿ ರೆಫರಲ್‌ನ ತಾಲ್ಲೂಕು, ಚೀಟಿ ಬರೆದ ಗಂಟೆ, ಕಾರಣ, ಈ ಮೂರು ಕಾಲಂಗಳನ್ನು ಹೆಸರಿಲ್ಲದೆ ತಿಂಗಳಿಗೊಮ್ಮೆ ಪ್ರಕಟಿಸಲಿ. ನಿಮ್ಮ ಶಾಸಕರು ಮುಂದಿನ ಸಲ ಆಸ್ಪತ್ರೆ ಕಟ್ಟಡ ಉದ್ಘಾಟನೆಯ ರೀಲ್ ಹಾಕಿದಾಗ, ಕಾಮೆಂಟಿನಲ್ಲಿ ಆ ಮೂರು ಕಾಲಂ ಕೇಳಿ.